ಹಳದಿ ಪಟ್ಟಿಯ ಮುಂದೆ ತಡೆದ ಬೆರಳು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಎಳವೆಯಲ್ಲಿ ತಂದೆಯ ಜೊತೆ ಕಾಲುವೆಗೆ ಹೋದಾಗ ತೂಬಿನ ಹಲಗೆಗೆ ಸಿಕ್ಕಿ ಮುರಿದದ್ದು, ನಾಟಿ ವೈದ್ಯ ಕಟ್ಟಿದ ಕಟ್ಟಿನೊಳಗೆ ಸೊಟ್ಟಗೇ ಕೂಡಿಕೊಂಡಿತ್ತು. ಕಂಪ್ಯೂಟರಿನ ಮುಂದೆ ಕೂತಾಗ ಆ ಬೆರಳು ಮೌಸಿನ ಮೇಲೆ ಕೂರುತ್ತಿರಲಿಲ್ಲ. ಒಂದಂಗುಲ ಮೇಲೆ ನಿಂತಿರುತ್ತಿತ್ತು. ಪರದೆಯ ಮೇಲೆ ಬಂದ ಮಾತನ್ನು ಪೂರ್ತಿ ಓದಿದ ಮೇಲೆಯೇ ಅದು ಇಳಿಯುತ್ತಿದ್ದುದು.

ಮದ್ದೂರಿನ ನಮ್ಮ ಖಾಸಗಿ ಕಾಲೇಜಿನಲ್ಲಿ ಅವರು ಕಚೇರಿಯ ಸೂಪರಿಂಟೆಂಡೆಂಟ್. ಹುಡುಗರ ಬಾಯಲ್ಲಿ ಆಫೀಸಮ್ಮ. ಅಲ್ಲೇ ಪಾಠ ಹೇಳುವ ನನಗೂ ಹಾಗೆಯೇ ಬಾಯಿಗೆ ಬಂದುಬಿಟ್ಟಿತು. ಹೊಳಲಿನಿಂದ ಬರುತ್ತಿದ್ದರು. ಅವರ ತಂದೆ ಅಲ್ಲಿ ನೀರುಗಂಟಿ. ಊರಿನ ಗದ್ದೆಗಳಿಗೆ ಕಾಲುವೆ ನೀರು ಹಂಚುತ್ತಿದ್ದವರು, ಗದ್ದೆಯ ಒಡೆಯರ ಮುಂದೆ ಕೈಕಟ್ಟಿ ನಿಂತು ‘ಬುದ್ಧಿ’ ಎನ್ನಲೇಬೇಕಾಗಿದ್ದವರು. ಮಗಳು ಆ ಒಂದು ಶಬ್ದವನ್ನು ಬಾಯಿಗೆ ತಂದದ್ದನ್ನು ಯಾರೂ ಕೇಳಿಲ್ಲ. ತಮ್ಮ ಕೇರಿಯಿಂದ ಹೊರಟು ಕಚೇರಿಯ ಮೇಜಿನ ಹಿಂದೆ ಕೂತ ಮೊದಲ ಹೆಣ್ಣುಮಗಳು ಅವರು. ಆ ಕುರ್ಚಿಯ ಬೆಲೆ ಅವರಿಗೆ ಗೊತ್ತಿತ್ತು.

ಆ ವರ್ಷ ನಮ್ಮ ಕಚೇರಿಯ ಕಂಪ್ಯೂಟರುಗಳಲ್ಲಿ ಒಂದು ಕಾಟ ಶುರುವಾಯಿತು. ಯಾವ ಕಾಗದ ತೆರೆದರೂ ಮೇಲ್ಗಡೆ ಹಳದಿ ಪಟ್ಟಿಯೊಂದು ಮೂಡುತ್ತಿತ್ತು: ಭದ್ರತಾ ಎಚ್ಚರಿಕೆ, ಮ್ಯಾಕ್ರೊಗಳನ್ನು ತಡೆಯಲಾಗಿದೆ. ಪಕ್ಕದಲ್ಲಿ ‘ಅನುಮತಿಸು’ ಎಂಬರ್ಥದ ಗುಂಡಿ. ಮ್ಯಾಕ್ರೊ ಎಂದರೆ ಕಡತದೊಳಗೆ ಅಡಗಿಸಿಟ್ಟ ಆಜ್ಞೆಗಳ ಸರಣಿ. ಒಮ್ಮೆ ಅನುಮತಿ ಸಿಕ್ಕರೆ ನಮ್ಮನ್ನು ಮತ್ತೆ ಕೇಳದೆ ತನ್ನ ಕೆಲಸ ಮಾಡಬಲ್ಲದು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಯಂತ್ರಕ್ಕೆ ತಿಳಿಯದು. ಆದ್ದರಿಂದ ಅದು ಮನುಷ್ಯನನ್ನು ಕೇಳುತ್ತದೆ. ನಮ್ಮ ಗುಮಾಸ್ತರು ಓದದೆ ಗುಂಡಿ ಒತ್ತುತ್ತಿದ್ದರು. ಕೆಲವರು ಹಳೆಯ ಕಾಗದಗಳಿಗೇ ಸೋಂಕು ತಗುಲಿದೆಯೆಂದು ನಂಬಿ ಎಲ್ಲವನ್ನೂ ಹೊಸದಾಗಿ ಟೈಪು ಮಾಡಿದರು. ಹೊಸ ಕಾಗದದ ಮೇಲೂ ಪಟ್ಟಿ ಬಂತು. ಹಿರಿಯ ಗುಮಾಸ್ತರೊಬ್ಬರು ಆಯುಧಪೂಜೆಯ ದಿನ ಈ ಯಂತ್ರಗಳಿಗೆ ಕುಂಬಳಕಾಯಿ ಒಡೆಯದಿದ್ದುದೇ ಕಾರಣವೆಂದರು. ಆಫೀಸಮ್ಮ ಮಾತ್ರ ಗುಂಡಿ ಒತ್ತಲೇ ಇಲ್ಲ. ಕಾಲೇಜಿನ ಹೆಸರು ಮೊದಲೇ ಅಚ್ಚು ಹಾಕಿಸಿಟ್ಟಿದ್ದ ಕಾಗದದ ಮೇಲೆ ತಮ್ಮ ಪತ್ರಗಳನ್ನು ಮುದ್ರಿಸಿಕೊಳ್ಳುತ್ತಿದ್ದರು.

ಒಂದು ದಿನ ನಮ್ಮ ಆಡಳಿತ ಮಂಡಳಿಯ ಸೆಕ್ರೆಟರಿ ಯಾರೋ ಅತಿಥಿಗಳಿಗೆ ಕಚೇರಿಯ ಕಂಪ್ಯೂಟರುಗಳನ್ನು ತೋರಿಸುತ್ತಿದ್ದಾಗ ಹಳದಿ ಪಟ್ಟಿ ಅವರ ಮುಖದೆದುರೇ ಮೂಡಿತು. ಅತಿಥಿಗಳು ನಕ್ಕರು. ನಮ್ಮ ಕಾಲೇಜಿಗೇ ಭದ್ರತೆಯಿಲ್ಲವೆಂದು ನಮ್ಮ ಯಂತ್ರವೇ ಬರೆದು ತೋರಿಸುವುದೇ ಎಂದು ಸೆಕ್ರೆಟರಿ ಕಿಡಿಕಿಡಿಯಾದರು. ರಿಪೇರಿಯವನನ್ನು ಕರೆಸಲಾಯಿತು. ಅವನ ಪರಿಹಾರ ಸುಲಭದ್ದು: ಎಲ್ಲ ಮ್ಯಾಕ್ರೊಗಳಿಗೂ ಒಟ್ಟಿಗೇ ಅನುಮತಿ ಕೊಟ್ಟುಬಿಟ್ಟರೆ ಎಚ್ಚರಿಕೆ ಎಂದೆಂದಿಗೂ ಬಾರದು.

ಆಫೀಸಮ್ಮ ಅವನ ಕೈ ತಡೆದರು.

“ಬಾಯಿ ಮುಚ್ಸೋದು ರಿಪೇರಿ ಅಲ್ಲ ಕಣಪ್ಪ. ಅದು ಯಾಕೆ ಕೂಗ್ತದೆ ಅಂತ ಮೊದ್ಲು ನೋಡು.”

ಸೆಕ್ರೆಟರಿ ಅಲ್ಲಿಯೇ ತೀರ್ಪು ಕೊಟ್ಟರು. ಶನಿವಾರದೊಳಗೆ ಪಟ್ಟಿ ಹೋಗಬೇಕು. ಹೋಗದಿದ್ದರೆ ಆ ಕುರ್ಚಿಗೆ ಬೇರೆಯವರು ಬರುತ್ತಾರೆ, ಈಯಮ್ಮ ಮಂಡಳಿಯದೇ ಇನ್ನೊಂದು ಶಾಲೆಯಿರುವ ಬೆಳಕವಾಡಿಗೆ ಹೋಗುತ್ತಾರೆ. ಹೊಳಲಿನಿಂದ ಬೆಳಕವಾಡಿಗೆ ಮಂಡ್ಯದಲ್ಲೊಮ್ಮೆ, ಮಳವಳ್ಳಿಯಲ್ಲೊಮ್ಮೆ ಬಸ್ಸು ಬದಲಿಸಬೇಕು. ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸಿಗೆ ಅದು ಎಂಥ ಶಿಕ್ಷೆಯೆಂದು ಎಲ್ಲರಿಗೂ ಗೊತ್ತಿತ್ತು.

ಅವರಿಗೆ ಕಂಪ್ಯೂಟರಿನ ವಿದ್ಯೆ ಹೆಚ್ಚೇನೂ ಇರಲಿಲ್ಲ. ಇದ್ದದ್ದು ತಂದೆಯ ಕ್ರಮ. ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಜನ ಗದ್ದೆಯ ಬದುವಿನಲ್ಲಿ ನಿಂತು ಜಗಳವಾಡುತ್ತಾರೆ. ನೀರುಗಂಟಿ ಜಗಳ ಕೇಳದೆ ಕಾಲುವೆಯ ಮೇಲಕ್ಕೆ ನಡೆಯುತ್ತಾನೆ, ಒಂದೊಂದೇ ತೂಬು ಮುಚ್ಚಿ ನೀರಿನ ಮಟ್ಟ ನೋಡುತ್ತಾನೆ. ಖಾಲಿ ಹಾಳೆಯ ಮೇಲೂ ಪಟ್ಟಿ ಬರುವುದಾದರೆ ದೋಷ ಕಾಗದಗಳಲ್ಲಿಲ್ಲ, ಮೇಲಿನಿಂದ ಹರಿದು ಬರುತ್ತಿದೆ ಎಂದು ಅವರು ನಿರ್ಧರಿಸಿದರು. ಬರೆಯುವ ತಂತ್ರಾಂಶ ಶುರುವಾದೊಡನೆ ತನ್ನಷ್ಟಕ್ಕೆ ತೆರೆದುಕೊಳ್ಳುವ ಕಡತಗಳು ಎಲ್ಲಿರುತ್ತವೆಂದು ರಿಪೇರಿಯವನಿಂದಲೇ ಕೇಳಿ ತಿಳಿದರು. ಒಂದನ್ನು ಪಕ್ಕಕ್ಕಿಡುವುದು, ತಂತ್ರಾಂಶ ಮುಚ್ಚಿ ತೆರೆಯುವುದು, ಪಟ್ಟಿ ಬಂದರೆ ಅದನ್ನು ಇದ್ದಲ್ಲಿಗೇ ಇಟ್ಟು ಇನ್ನೊಂದನ್ನು ತೆಗೆಯುವುದು. ಸೊಟ್ಟ ಬೆರಳು ಅವಸರಪಡಲಿಲ್ಲ.

ಶನಿವಾರ ಸೆಕ್ರೆಟರಿ ಬಂದಾಗ ನಾವೆಲ್ಲ ಸುತ್ತ ನಿಂತಿದ್ದೆವು. ಆಫೀಸಮ್ಮ ಹಾಳೆ ತೆರೆದರು. ಪಟ್ಟಿ ಇರಲಿಲ್ಲ. ಸೆಕ್ರೆಟರಿಯ ಮುಖ ಅರಳಿತು. ಮರುಕ್ಷಣವೇ ಅವರು ಪರದೆಯತ್ತ ಬಗ್ಗಿದರು.

“ಅಲ್ಲಮ್ಮ, ನನ್ನೆಸ್ರು ಎಲ್ಲೋಯ್ತು?”

ಆಗ ನಮಗೆ ಹೊಳೆಯಿತು. ‘ಶಿಕ್ಷಣಪ್ರೇಮಿ, ಕೊಡುಗೈ ದಾನಿ, ಯುವಕರ ಕಣ್ಮಣಿ’ ಎಂಬ ಬಿರುದುಗಳೊಡನೆ ಅವರ ಹೆಸರು, ಗುಂಡಿ ಒತ್ತಿದೊಡನೆ, ಕಾಗದದ ನೆತ್ತಿಯ ಮೇಲೆ ಬರುತ್ತಿತ್ತು. ಗುಂಡಿ ಒತ್ತಿದವರೆಲ್ಲ ಅದನ್ನು ಯಂತ್ರದ ಸಹಜ ಗುಣವೆಂದೇ ತಿಳಿದಿದ್ದರು. ಆಫೀಸಮ್ಮ ಹುಡುಕಿ ತೆಗೆದಿಟ್ಟ ಕಡತದಲ್ಲಿದ್ದದ್ದು, ಮಂಡಳಿಯ ಚುನಾವಣೆಯ ಸಮಯದಲ್ಲಿ ಸೆಕ್ರೆಟರಿಯ ಅಕ್ಕನ ಮಗ ತೂರಿಸಿಹೋಗಿದ್ದ ಆ ಹೆಸರಿನ ಮ್ಯಾಕ್ರೊ.

“ಕೂಗ್ತಿದ್ದದ್ದೇ ನಿಮ್ಮೆಸ್ರು, ಸೆಕ್ರೆಟ್ರಿಯವ್ರೇ,” ಎಂದರು ಆಫೀಸಮ್ಮ.

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸೆಕ್ರೆಟರಿ ನಗಲಿಲ್ಲ. ಹೆಸರನ್ನು ಇದ್ದಲ್ಲಿಗೇ ಇಡಬೇಕು, ಎಲ್ಲದಕ್ಕೂ ಅನುಮತಿ ಕೊಡಬೇಕು, ಪಟ್ಟಿಯೂ ಬರಬಾರದು ಎಂದರು. ನಾನು ಮುಂದೆ ಬಂದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಎಚ್ಚರಿಕೆಯನ್ನು ಅಡಗಿಸುವ ಸಮಾಜ ಅಪಾಯವನ್ನು ಅಡಗಿಸಲಾರದು ಎಂದು ಪೀಠಿಕೆ ಹಾಕುತ್ತಿದ್ದೆ.

“ಮೇಷ್ಟ್ರೇ, ಭಾಸ್ಣ ಆಮೇಲೆ,” ಎಂದು ಆಫೀಸಮ್ಮ ನನ್ನನ್ನು ನಿಲ್ಲಿಸಿದರು. ಆಮೇಲೆ ಕೂತಲ್ಲಿಂದಲೇ ಸೆಕ್ರೆಟರಿಗೆ ಹೇಳಿದರು: “ನನ್ ಕೈಲಿ ಆಗಕಿಲ್ಲ. ಕಾಲೇಜ್ ಕಾಗ್ದದ ಮ್ಯಾಲೆ ಕಾಲೇಜ್ ಎಸ್ರು ಸಾಕು. ಬಾಗ್ಲು ತಗ್ದು ಬುಟ್ರೆ ನಿಮ್ಮೆಸ್ರು ಒಂದೇ ಬರಕಿಲ್ಲ, ದಾರೀಲಿ ಓಗೋರೆಲ್ಲ ನುಗ್ತಾರೆ. ಅದ್ರೊಳ್ಗೆ ಮಕ್ಳ ಅಂಕಪಟ್ಟಿ ಅದೆ.”

ಸೋಮವಾರ ಬೆಳಕವಾಡಿಯ ಆದೇಶ ಬಂತು. ಪ್ರತಿಭಟನೆಯ ಮನವಿಗೆ ನಾನು ಸಹಿ ಸಂಗ್ರಹಿಸಲು ಹೊರಟಾಗ ಅವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹೆಚ್ಚಿನವರು ಪೆನ್ನಿಲ್ಲವೆಂದರು. ಕುರ್ಚಿಯ ಮೇಲಿನ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಅವರು ಬಸ್ಸು ನಿಲ್ದಾಣಕ್ಕೆ ನಡೆದರು. ಜೊತೆಗೆ ನಾನು ನಡೆದೆ.

“ಮಕ ಯಾಕೆ ಇಂಗ್ ಮಾಡ್ಕೊಂಡಿದ್ದೀರಿ? ಅವ್ರು ಕುರ್ಚಿ ಕಿತ್ಕಂಡ್ರು. ಆಗಕಿಲ್ಲ ಅಂದಿದ್ನಲ್ಲ, ಅದ ಕಿತ್ಕಳಾಕಾಯ್ತದಾ?”

ಬೆಳಕವಾಡಿಯಿಂದಲೇ ಅವರು ನಿವೃತ್ತರಾದರು. ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಹೊಳಲಿನಲ್ಲಿ, ಕಾಲುವೆಯ ಪಕ್ಕದ ಅವರದೇ ತುಂಡು ನೆಲದಲ್ಲಿ, ಮನೆಯವರು ಬೌದ್ಧ ಕ್ರಮದಂತೆ ತ್ರಿಸರಣ ಹೇಳಿ ಮಣ್ಣು ಮಾಡಿದರು. ಸೆಕ್ರೆಟರಿ ದೊಡ್ಡ ಹೂಮಾಲೆ ಕಳಿಸಿದ್ದರು. ಅದರ ರಿಬ್ಬನ್ನಿನ ಮೇಲೆ ಆ ಬಿರುದುಗಳೆಲ್ಲ ಇದ್ದವು. ಸತ್ತವರ ಹೆಸರಿಗೆ ಜಾಗ ಉಳಿದಿರಲಿಲ್ಲ. ಆಫೀಸಮ್ಮನ ತಂಗಿ ಹೂವನ್ನು ಬಿಡಿಸಿಕೊಂಡು, ರಿಬ್ಬನ್ನನ್ನು ಮಡಿಸಿ, ತಂದವನ ಕೈಗೇ ಕೊಟ್ಟರು. ಅಕ್ಕನ ತಂಗಿಯೇ ಸರಿ ಎಂದುಕೊಂಡೆ.

ಕಾಲೇಜಿನ ಯಂತ್ರಗಳಿಗೆಲ್ಲ ಆ ಕಡತ ಮರಳಿ ಬಂದಿದೆ. ಎಲ್ಲ ಕಡೆಯೂ ಅನುಮತಿ, ಎಲ್ಲ ಕಡೆಯೂ ಮೌನ. ನನ್ನ ವಿಭಾಗದ ಒಂದು ಯಂತ್ರದಲ್ಲಿ ಮಾತ್ರ ಆ ಅನುಮತಿಯನ್ನು ಕೊಡಲು ನಾನು ಬಿಟ್ಟಿಲ್ಲ. ಅದನ್ನು ‘ಸರಿಪಡಿಸಲು’ ರಿಪೇರಿಯವನು ಆಗಾಗ ಬರುತ್ತಾನೆ. ಆಗದು ಎನ್ನುತ್ತೇನೆ, ಆಗದು ಎಂದವನು ಯಾರೆಂದು ಮೇಲಿನವರಿಗೆ ಹೆಸರು ಹಿಡಿದೇ ತಿಳಿಸು ಎಂದೂ ಹೇಳಿ ಕಳಿಸುತ್ತೇನೆ. ದಿನವೂ ಬೆಳಿಗ್ಗೆ ಹಳದಿ ಪಟ್ಟಿ ಮೂಡುತ್ತದೆ. ನನ್ನ ತೋರುಬೆರಳು ನೇರವಾಗಿಯೇ ಇದೆ. ಆದರೂ ಗುಂಡಿಯಿಂದ ಒಂದಂಗುಲ ಮೇಲೆ ನಿಲ್ಲುವುದನ್ನು ಅದು ಕಲಿತಿದೆ.