ಡ್ರಾ ಸಾಕೆಂದ ಮೇಸ್ತ್ರಿ

ಕೆಸರೆಯ ಗಾರೆ ಮೇಸ್ತ್ರಿ ಚಿಕ್ಕಮಾದಯ್ಯ ಬೆರಳ ಗೆಣ್ಣು ಎಣಿಸಿ ಒಂದು ಮಾತು ಹೇಳಿದನೆಂದರೆ, ಮೈದಾನದ ಬೇಲಿಗೆ ಒರಗಿ ನಿಂತವರು ಅದಕ್ಕೆ ಎದುರಾಡುತ್ತಿರಲಿಲ್ಲ. ಅಂತರಕಾಲೇಜು ಫುಟ್‌ಬಾಲಿನಲ್ಲಿ ಯಾರು ಗೆದ್ದರೆ ಯಾರು ಮೇಲೆ, ಯಾರು ಮನೆಗೆ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವನು ಅವನು. ಒಂದು ಸಲವೂ ತಪ್ಪಿರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದಕ್ಕೆ ಸಿಮೆಂಟು ಮೆತ್ತುವಾಗ ಮಾತ್ರ. ಆದರೆ ಪಂದ್ಯದ ದಿನಗಳಲ್ಲಿ ಯಾದವಗಿರಿಯ ಯಾವ ಬಂಗಲೆಯ ಗೋಡೆಯೂ ಮಧ್ಯಾಹ್ನ ಎರಡು ಗಂಟೆಯ ಮೇಲೆ ಏಳುತ್ತಿರಲಿಲ್ಲ. "ಮೇಸ್ತ್ರಿಗೆ ಜ್ವರ" ಎಂದು ಹೆಂಡತಿ ಸಾಕಮ್ಮ ಹೇಳಿ ಕಳಿಸುತ್ತಿದ್ದಳು. ಎಂಥ ಜ್ವರವೆಂದು ಮನೆ ಕಟ್ಟಿಸುವವರಿಗೂ ಗೊತ್ತಿತ್ತು.

ತೊಂಬತ್ತಾರನೆಯ ಇಸವಿಯ ಆ ಗುರುವಾರ ನಡೆದದ್ದು ಸಂಜೆ ಕಾಲೇಜಿನ ಕೊನೆಯ ಲೀಗ್ ಪಂದ್ಯ. ಹಗಲು ಗ್ಯಾರೇಜು, ಊದುಬತ್ತಿ ಕಾರ್ಖಾನೆಗಳಲ್ಲಿ ದುಡಿದು ದೀಪ ಹತ್ತಿದ ಮೇಲೆ ಓದುವ ಹುಡುಗರ ತಂಡ ಅದು. ಕ್ಯಾಪ್ಟನ್ ಮಹದೇವಸ್ವಾಮಿ ಮೇಸ್ತ್ರಿಯ ಬೀದಿಯವನೇ, ಕೊನೆಯ ವರ್ಷದಲ್ಲಿದ್ದ. ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವ ಅಧಿಕಾರಿಗಳು ಬರುವುದು ಫೈನಲ್ ನೋಡಲು ಮಾತ್ರ. ಫೈನಲ್ ಆಡಿದರೆ ಕೆಲಸ, ಇಲ್ಲವಾದರೆ ಗ್ಯಾರೇಜು.

ಫೈನಲ್ಲಿನ ಪದ್ಧತಿಯೋ, ಕೇಳಿದರೆ ಮೈ ಉರಿಯಬೇಕು. ಹಿಂದಿನ ವರ್ಷ ಗೆದ್ದ ಕಾಲೇಜಿಗೆ ಬೆವರಿಳಿಸದೆ ನೇರ ಫೈನಲ್. ಉಳಿದ ನಾಲ್ಕು ತಂಡಗಳು ಒಂದರ ಮೇಲೊಂದು ಬಿದ್ದು ಹೊಡೆದಾಡಬೇಕು. ಮೊದಲ ಸ್ಥಾನ ಬಂದ ಒಂದೇ ಒಂದು ತಂಡಕ್ಕೆ ಅವರೆದುರು ನಿಲ್ಲುವ ಭಾಗ್ಯ. ಆ ಒಂದು ಜಾಗಕ್ಕೆ ಈಗ ಉಳಿದಿದ್ದವರು ಇಬ್ಬರು: ಸಂಜೆ ಕಾಲೇಜು ಮತ್ತು ಮೂರೂ ಪಂದ್ಯ ಮುಗಿಸಿ ಕೂತಿದ್ದ ಟ್ರಸ್ಟ್ ಕಾಲೇಜು.

ಆಗಲೇ ಹೊರಬಿದ್ದಿದ್ದ ತಂಡವೊಂದರ ಎದುರು ಅರ್ಧ ಆಟ ಮುಗಿದು ಹುಡುಗರು ನೀರು ಕುಡಿಯಲು ಬಂದಾಗ ಗೋಲು ಸೊನ್ನೆ–ಸೊನ್ನೆ. ಮೇಸ್ತ್ರಿ ಗೆಣ್ಣು ಎಣಿಸಿದ. "ಟ್ರಸ್ಟ್‌ನೋರು ಎರಡು ಗೆದ್ದವ್ರೆ, ನಮ್ ಕೈಲಿ ಒಂದು ಸೋತವ್ರೆ. ಗೆಲುವಿಗೆ ಎರಡರಂಗೆ ನಾಕು. ನಾವು ಒಂದು ಗೆದ್ದು ಒಂದು ಡ್ರಾ, ಮೂರು. ಇದೂ ಡ್ರಾ ಆದ್ರೆ ನಾಕು. ಸಮ ಆದ್ರೆ, ಎದುರಾಬದುರು ಆಡ್ದಾಗ ಗೆದ್ದೋರೇ ಮೇಲೆ. ಗೆದ್ದೋರ್ಯಾರು?"

"ನಾವು!" ಎಂದರು ಹುಡುಗರು.

"ಡ್ರಾ ಸಾಕು ಕಣ್ರಪ್ಪ. ಹಿಂದೆ ನಿಂತ್ಕಂಡು ಕೋಟೆ ಕಾಯ್ಕಳಿ."

ಮಹದೇವಸ್ವಾಮಿ ಮುಂದಿನವರನ್ನೆಲ್ಲ ಹಿಂದಕ್ಕೆ ಎಳೆದುಕೊಂಡ. ಬೇಲಿಯ ಬಳಿ ಕೆಸರೆಯ ಹುಚ್ಚಯ್ಯ ಪಟಾಕಿ ಸರ ಬಿಚ್ಚತೊಡಗಿದ.

ಆಟ ಮುಗಿಯಲು ಹದಿನೈದು ನಿಮಿಷವಿದ್ದಾಗ ಮೃತ್ಯುಂಜಯ ಮೇಸ್ತ್ರಿಯ ಪಕ್ಕಕ್ಕೆ ಬಂದ. ಅಗ್ರಹಾರದಲ್ಲಿ ವಿಭೂತಿ, ಕರ್ಪೂರ ಮಾರುವವನು. ಟ್ರಸ್ಟ್ ಕಾಲೇಜಿನ ಹಳೆಯ ವಿದ್ಯಾರ್ಥಿ, ಮೇಸ್ತ್ರಿಯ ಹಳೆಯ ಎದುರಾಳಿ.

"ಏನ್ ಮೇಸ್ತ್ರಿ, ನಿಮ್ಮ ಹುಡುಗ್ರು ಗೋಲ್ ಹೊಡೆಯೋದೇ ಮರ್ತ್‌ಬುಟ್ರಾ?"

"ನಿಮಗ್ಯಾಕ್ ಸ್ವಾಮಿ ನಮ್ ಚಿಂತೆ? ಡ್ರಾ ಆದ್ರೆ ನಿಮ್ಮೋರು ಗಂಟುಮೂಟೆ ಕಟ್ಟೋದೇಯ."

"ನಾವ್ಯಾಕ್ರೀ ಕಟ್ಟೋಣ? ಈ ವರ್ಷದಿಂದ ಗೆಲುವಿಗೆ ಮೂರು ಪಾಯಿಂಟು ಕಣ್ರೀ. ನಮಗೆ ಆರು. ನಿಮ್ದು ಡ್ರಾ ಆದ್ರೆ ಐದು. ಕಾಯ್ಕೊಳ್ಳಿ, ಕಾಯ್ಕೊಳ್ಳಿ ಕೋಟೆ!"

"ಬುಡಿ, ಬುಡಿ. ಹೆದ್ರ್ಸಕ್ಕೆ ಬರ್ಬೇಡಿ" ಎಂದ ಮೇಸ್ತ್ರಿ. ಆದರೆ ಮೃತ್ಯುಂಜಯ ಕಡಲೆಕಾಯಿ ಸುಲಿಯುತ್ತ ನಿಂತ ನೆಮ್ಮದಿ ಸುಳ್ಳಾಡುವವನದಾಗಿರಲಿಲ್ಲ. ಮೇಸ್ತ್ರಿಯ ಹೆಬ್ಬೆರಳು ಗೆಣ್ಣಿನ ಮೇಲೇ ನಿಂತುಬಿಟ್ಟಿತು. ಕಮಿಟಿಯ ಶಾಮಿಯಾನದ ಕಡೆ ಓಡಿದ.

ಅಡ್ಡಕ್ಕೆ ಹಗ್ಗ. ಹಗ್ಗದಾಚೆ ಅಟೆಂಡರ್ ಶಿವಲಿಂಗಯ್ಯ.

"ಶಿವಲಿಂಗಣ್ಣ, ಗೆಲುವಿಗೆ ಎಷ್ಟು ಪಾಯಿಂಟು?"

"ಮೂರು ಕಣಪ್ಪ. ಒಳಗೆ ಬೋರ್ಡಿಗೆ ಅಂಟಿಸವ್ರಲ್ಲ."

"ಒಳಗೆ ನಮ್ಮನ್ನ ಬುಡ್ತೀರಾ?"

"ಬುಟ್ರೂ ಇಂಗ್ಲೀಷ್‌ನಲ್ಲಿ ಅದೆ. ಎಂಗೆ ಓದೀಯೆ?"

ಕುರ್ಚಿಯಲ್ಲಿದ್ದ ಕಾರ್ಯದರ್ಶಿ ತಿರುಗಿದರು. "ಎಲ್ಲಾ ಕಾಲೇಜಿಗೂ ಸರ್ಕ್ಯುಲರ್ ಹೋಗಿದೆ. ಇನ್ನೇನು, ಬೀದಿಬೀದೀಲಿ ಟಾಂ ಟಾಂ ಹೊಡೆಸಬೇಕಾ?"

ಹೋಗಿತ್ತು, ನಿಜ. ಸಂಜೆ ಕಾಲೇಜಿನಲ್ಲಿ ಆಟದ ಮೇಷ್ಟರ ಹುದ್ದೆ ಮೂರು ವರ್ಷದಿಂದ ಖಾಲಿ. ಆ ಕಾಗದವನ್ನು ಒಡೆಯುವವರೇ ಇರಲಿಲ್ಲ.

ಉಳಿದದ್ದು ಒಂಬತ್ತು ನಿಮಿಷ. ಸುಮ್ಮನಿದ್ದುಬಿಟ್ಟರೆ ತಪ್ಪೆಲ್ಲ ಕಮಿಟಿಯ ತಲೆಗೆ. ಬಾಯಿಬಿಟ್ಟರೆ ತನ್ನ ಇಪ್ಪತ್ತು ವರ್ಷದ ಮಾತು ಮಣ್ಣಿಗೆ. ಮೇಸ್ತ್ರಿ ಪಂಚೆ ಎತ್ತಿಕಟ್ಟಿ ತಮ್ಮ ಹುಡುಗರ ಗೋಲಿನ ಹಿಂದಕ್ಕೆ ಓಡಿದ.

"ಮಾದೇವಾ! ಗೋಲ್ ಬೇಕು ಕಣೋ! ಮುಂದಕ್ಕೆ ಹೋಗ್ರೋ!"

ಮಹದೇವಸ್ವಾಮಿ ತಿರುಗಿ ನೋಡಿದ. "ಡ್ರಾ ಸಾಕು ಅಂದಿದ್ದು ನೀನೇ ಅಲ್ವಾ ಮಾವ?"

"ನಾನೇ ಅಂದಿದ್ದು. ತಪ್ಪು ಅಂದ್ಬುಟ್ಟೆ. ಹೋಗೋ!"

ಆಚೆ ಬೇಲಿಯಲ್ಲಿ ಇನ್ನೂರು ಜನ ಕೆಸರೆಯವರು ಒಂದೇ ಗಂಟಲಲ್ಲಿ ಕೂಗುತ್ತಿದ್ದರು: "ಹಿಂದೆ! ಹಿಂದೆ!" ಅದೂ ಮೇಸ್ತ್ರಿಯದೇ ಮಾತು. ಒಬ್ಬನ ಗಂಟಲು ಇನ್ನೂರರ ಮೇಲೆ ಹೇಗೆ ಏರೀತು? ತಂಡದಲ್ಲಿ ಅರ್ಧ ಜನ ಮುಂದೆ ಓಡಿದರು, ಅರ್ಧ ಜನ ನಿಂತಲ್ಲೇ ನಿಂತರು. ಮಹದೇವಸ್ವಾಮಿ ಒಬ್ಬನೇ ಇಬ್ಬರನ್ನು ದಾಟಿ ಒದ್ದ. ಚೆಂಡು ಕಂಬಕ್ಕೆ ಬಡಿದ ಸದ್ದು ಮೇಸ್ತ್ರಿಯ ಎದೆಯೊಳಗೆ ಕೇಳಿತು. ವಾಪಸು ಪುಟಿದ ಚೆಂಡಿಗೆ ಕಾಲು ಕೊಡಲು ಅಲ್ಲಿ ಯಾರೂ ಇರಲಿಲ್ಲ. ಇರಬೇಕಾದವನು ಕೋಟೆ ಕಾಯುತ್ತಿದ್ದ. ಎರಡು ನಿಮಿಷದಲ್ಲಿ ಸೀಟಿ ಮೊಳಗಿತು. ಸೊನ್ನೆ–ಸೊನ್ನೆ.

ಹುಚ್ಚಯ್ಯ ಸರಕ್ಕೆ ಬೆಂಕಿ ಹಚ್ಚಿಯೇಬಿಟ್ಟ.

ಕೆಸರೆಯವರು ಕುಣಿಯುತ್ತ ಮೈದಾನಕ್ಕೆ ನುಗ್ಗಿದರು. ಮೇಸ್ತ್ರಿ ಅವರ ನಡುವೆ ಬಂದು ಸರ ಪೂರ್ತಿ ಸಿಡಿದು ಮುಗಿಯುವ ತನಕ ಕಾದ. ಆಮೇಲೆ ಹೇಳಿದ.

ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಹುಚ್ಚಯ್ಯ ಅಂಗಿಯ ತೋಳು ಮಡಚಿದ. "ಕಮಿಟಿಯೋರ್ ಮೋಸ ಇದು! ನಡೀರ್ಲಾ, ಪೆಂಡಾಲ್ ಕಿತ್ತಾಕವ!"

"ಕಮಿಟೀದು ಆಮೇಲೆ. ಮೊದ್ಲು ನಂದು" ಎಂದ ಮೇಸ್ತ್ರಿ. "ಕೇಳ್ಬೇಕಾಗಿತ್ತು, ಕೇಳ್ನಿಲ್ಲ. ನನಗೆ ಗೊತ್ತಿಲ್ದೆ ಇನ್ಯಾರ್ಗೆ ಗೊತ್ತು ಅನ್ಕಂಡಿದ್ದೆ."

ಮಹದೇವಸ್ವಾಮಿ ನೆಲದಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ನಂಗಿನ್ನೊಂದು ವರ್ಷ ಇಲ್ಲ ಮಾವ" ಎಂದ, ಅಷ್ಟೇ.

ಮೇಸ್ತ್ರಿ ಅವನ ಕೈ ಹಿಡಿದು ಎಬ್ಬಿಸಿ, ಬರಿಗಾಲಲ್ಲೇ ಶಾಮಿಯಾನದವರೆಗೆ ನಡೆಸಿಕೊಂಡು ಹೋಗಿ ಹಗ್ಗ ಎತ್ತಿದ. ಹಿಂದೆ ಇನ್ನೂರು ಜನ. ಶಿವಲಿಂಗಯ್ಯ ಪಕ್ಕಕ್ಕೆ ಸರಿದ.

"ಈಗೇನ್ರೀ ಪ್ರಯೋಜನ?" ಎಂದರು ಕಾರ್ಯದರ್ಶಿ, ಎದ್ದು ನಿಂತು.

"ನಿಮಗಿಲ್ಲ ಬುಡಿ. ಮುಂದಿನ್ ವರ್ಷ ಆಡೋ ಹುಡುಗ್ರಿಗದೆ" ಎಂದು ಮೇಸ್ತ್ರಿ ಬೋರ್ಡಿನ ಕಾಗದ ತೋರಿಸಿದ. "ಓದು ಮಾದೇವ. ಕನ್ನಡದಾಗೆ ಹೇಳು, ಎಲ್ಲರ್ಗೂ ಕೇಳಂಗೆ."

ಮಹದೇವಸ್ವಾಮಿ ಒಂದೊಂದೇ ನಿಯಮ ಓದಿ ಕನ್ನಡಕ್ಕೆ ತಂದ. ಗೆದ್ದ ತಂಡಕ್ಕೆ ಎಷ್ಟು ಪಾಯಿಂಟು ಎಂಬ ಸಾಲಿಗೆ ಬಂದಾಗ ಅವನು ಅದನ್ನೇ ಎರಡು ಸಲ ಓದಿದ.

"ಮುಂದಕ್ಕೆ ಓದು" ಎಂದ ಮೇಸ್ತ್ರಿ.