ಎಡೆಗೆ ಬಂದ ಸಾರಿನ ಪುಡಿ

ಹೆಂಡತಿ ತೀರಿಕೊಂಡ ಮೇಲೆ ನಾನು ಬ್ಲಾಗ್ ಬರೆಯತೊಡಗಿದೆ. ಗೋವಿಂದರಾಜನಗರದ ಸೈಬರ್ ಕೆಫೆಯಲ್ಲಿ ಕೂತು, ಅವಳು ಮಾಡುತ್ತಿದ್ದ ಅಡುಗೆಗಳನ್ನು ನೆನಪಾದ ಹಾಗೆ ಟೈಪ್ ಮಾಡುತ್ತಿದ್ದೆ. ಒಮ್ಮೆ ಎಣ್ಣೆಗಾಯಿಗೆ ಹುಚ್ಚೆಳ್ಳು ಹಾಕುವುದನ್ನು ಬರೆಯಲು ಮರೆತೆ. ಯಾರೋ ಅದನ್ನು ನಂಬಿ ಮಾಡಿ, ಕೆಟ್ಟಿತೆಂದು ಕಾಮೆಂಟ್ ಹಾಕಿದರು. ಅಲ್ಲಿಂದ ಮುಂದೆ, ಮನೆಯಲ್ಲಿ ಮಾಡಿ ಉಂಡು ನೋಡದೆ ಒಂದು ಸಾಲೂ ಬರೆದಿಲ್ಲ.

ಅವಳು ಹೋಗಿ ವರ್ಷ ತುಂಬಿದ ಮೇಲೆ ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಆ ದಿನ ಹೋದವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುತ್ತೇವೆ. ಅವಳಿಗೆ ಏನೇನು ಮಾಡಬೇಕೆಂದಿದ್ದೇನೆ ಎಂದು ಬ್ಲಾಗಿನಲ್ಲಿ ಬರೆದಿದ್ದೆ. ಅದನ್ನು ಓದಿ ಪಿ.ಆರ್. ಕಂಪನಿಯ ಹುಡುಗಿಯೊಬ್ಬಳು ಫೋನ್ ಮಾಡಿ, ಮನೆಗೇ ಬಂದಳು. ಮಸಾಲೆ ಪುಡಿ ಮಾರುವವರ ಪರವಾಗಿ ಬ್ಲಾಗ್ ಬರೆಯುವವರನ್ನು ಮಾತಾಡಿಸುವುದು ಅವಳ ಕೆಲಸ. ಕೈಯಲ್ಲಿ ರಿಬ್ಬನ್ ಕಟ್ಟಿದ ಬುಟ್ಟಿ, ಅದರ ತುಂಬ ಪುಡಿಯ ಪ್ಯಾಕೆಟ್ಟುಗಳು.

"ಇಷ್ಟ ಆದ್ರೆ ಬರೀರಿ ಸಾರ್, ಬಲವಂತ ಇಲ್ಲ. ಟೀವೀಲಿ ಹೇಳಿದ್ರೆ ಜನ ಚಾನೆಲ್ ತಿರುಗಿಸ್ತಾರೆ. ನಿಮ್ಮಂಥೋರು ಹೇಳಿದ್ರೆ ನಂಬ್ತಾರೆ."

ಕಾಫಿ ಮುಗಿಯುವ ಹೊತ್ತಿಗೆ ಬಲವಂತ ಶುರುವಾಯಿತು.

"ಎಡೆ ಸಾರಿಗೆ ನಮ್ ಪುಡೀನೇ ಹಾಕಿ ಸಾರ್. ಆಂಟಿ ಫೋಟೋ, ಮುಂದೆ ಎಲೆ, ಪಕ್ಕದಲ್ಲಿ ಪ್ಯಾಕೆಟ್ಟು. ಕೆಳಗೆ ಒಂದೇ ಲೈನು, ಆಂಟಿ ಕೈರುಚಿನೇ ಬಂತು ಅಂತ."

"ಎಡೆಗಿಡೋ ಅಡುಗೇನ ಮುಂಚೆ ರುಚಿ ನೋಡಲ್ಲಮ್ಮ. ಅವಳಿಗೆ ಇಟ್ಟ ಮೇಲೇ ನಾನು ಉಣ್ಣೋದು."

"ಆಮೇಲೆ ಉಂಡು ಬರೀರಿ."

"ಚೆನ್ನಾಗಿಲ್ದಿದ್ರೆ? ಅಷ್ಟೊತ್ತಿಗೆ ಅವಳಿಗೆ ಬಡಿಸಿಬಿಟ್ಟಿರ್ತೀನಲ್ಲ. ಇದ್ದಾಗ್ಲೇ ನನ್ನ ಸಾರು ನೋಡಿ ಊಟ ಬೇಡ ಅಂತಿದ್ಲು."

ಹುಡುಗಿಗೆ ನಗು ಬಂತು. ಗೋಡೆಯ ಫೋಟೋ ಕಡೆ ನೋಡಿ ತಡೆದುಕೊಂಡಳು.

"ನಗಮ್ಮ, ಪರವಾಗಿಲ್ಲ," ಎಂದೆ. "ಒಂದು ಕೆಲಸ ಮಾಡ್ತೀನಿ. ನಾಳೆ ಮಾಮೂಲಿ ಸಾರಿಗೆ ಹಾಕಿ ಉಣ್ತೀನಿ. ಹೆಂಗಿತ್ತೋ ಹಂಗೆ ಬರೀತೀನಿ. ಪುಡಿ ನೀವೇ ತಂದುಕೊಟ್ಟಿದ್ದು ಅಂತಾನೂ ಬರೀತೀನಿ."

"ಅಯ್ಯೋ, ಅದೊಂದು ಬೇಡ ಸಾರ್. ನೀವೇ ಅಂಗಡೀಲಿ ತಂದಂಗೆ ಇರ್ಲಿ. ಎಲ್ರೂ ಹಂಗೇ ಬರೆಯೋದು."

"ಎಡೆದೂ ಸುಳ್ಳು, ಅಂಗಡೀದೂ ಸುಳ್ಳು. ಅವಳ ಹೆಸರಲ್ಲಿ ನಾನು ಬರೆಯಲ್ಲಮ್ಮ. ಬುಟ್ಟಿ ತಗೊಂಡ್ಹೋಗು."

"ಕ್ಲೈಂಟ್‌ಗೆ ಏನ್ ಹೇಳ್ಲಿ ಸಾರ್?"

"ಮುದುಕ ಸರಿಯಿಲ್ಲ ಅನ್ನು."

ಬೇಸರವಿಲ್ಲದೆ ಹೋದಳು. ನನಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಅವಳ ಕೆಲಸ ಅವಳು ಮಾಡಿದ್ದಳು.

ಅಮಾವಾಸ್ಯೆಯ ದಿನ ಕೊತ್ತಂಬರಿ ಬೀಜ, ಮೆಂತ್ಯ, ಮೆಣಸಿನಕಾಯಿ ನಾನೇ ಹುರಿದು ಪುಡಿ ಮಾಡಿದೆ. ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂತೆ. ಆಮೇಲೆ ಉಂಡೆ. ಮೆಂತ್ಯ ಹೊತ್ತಿ ಸಾರು ಕಹಿಯಾಗಿತ್ತು. ಮರುದಿನ ಸೈಬರ್ ಕೆಫೆಗೆ ಹೋಗಿ, ಸಾರು ಅವಳು ಮಾಡಿದ ಹಾಗೆ ಆಗಲಿಲ್ಲ ಎಂದು ಬರೆದೆ.