ನಾಲ್ಕೂವರೆಯ ಕಾಲ್ಗುಣ

ದಾಂಡೇಲಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಗೂ ಪಕ್ಕದ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಟಿವಿ ಇತ್ತು, ಈಚೆ ನನ್ನ ಹೊಟ್ಟೆಪಾಡು ಇತ್ತು. ಇಂಗ್ಲೆಂಡಿನಲ್ಲಿ ನಮ್ಮವರು ಐದು ಟೆಸ್ಟ್ ಆಡಲು ಹೋದ ಆ ಮಳೆಗಾಲದಲ್ಲಿ ನಾನು ಹೆಚ್ಚಾಗಿ ಆಚೆಗೇ ಇರುತ್ತಿದ್ದೆ. ಆಧಾರ್ ಕಾರ್ಡಿನ ಪ್ರತಿ ಬೇಕೆಂದು ಬಂದವರು ಓವರ್ ಮುಗಿಯುವತನಕ ಕಾಯಬೇಕಿತ್ತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಕೆಲವರು ಗ್ಯಾರೇಜಿನೊಳಗೆ ಇಣುಕಿ, ಅಲ್ಲೇ ನಿಂತು, ಕೊನೆಗೆ ಆಧಾರ್ ಕಾರ್ಡನ್ನು ನನ್ನ ಮಷೀನಿನಲ್ಲೇ ಮರೆತು ಮನೆಗೆ ಹೋದದ್ದೂ ಉಂಟು.

ಗ್ಯಾರೇಜಿನ ಒಡೆಯರನ್ನು ಓಣಿಯೆಲ್ಲ ಉಸ್ತಾದ್ ಎಂದೇ ಕರೆಯುತ್ತದೆ. ಬೈಕು ಇನ್ನೂ ತಿರುವಿನಲ್ಲಿರುವಾಗಲೇ ಅದರ ಸದ್ದು ಕೇಳಿ ರೋಗ ಹೇಳುವ ಮನುಷ್ಯ. ಟಿವಿ ಕೂತದ್ದು ಬಿಡಿಭಾಗಗಳ ಕಪಾಟಿನ ಮೇಲೆ. ಎದುರಿಗೆ ಯಾವುದೋ ಹಳೆಯ ಟೆಂಪೋದಿಂದ ಕಿತ್ತ ಸೀಟು, ಇಟ್ಟಿಗೆಯ ಮೇಲೆ ನಿಲ್ಲಿಸಿದ್ದು. ಅದಕ್ಕೆ ಬೆಂಚು ಎಂಬ ಗೌರವ. ಅದರಲ್ಲಿ ಸರಿಯಾಗಿ ನಾಲ್ಕು ಜನರ ಜಾಗ. ಒಂದು ತುದಿಗೆ ಉಸ್ತಾದ್, ಪಕ್ಕದಲ್ಲಿ ಕಾಗದದ ಮಿಲ್ಲಿನಿಂದ ನಿವೃತ್ತರಾದ ಕಾಕಾ, ಆಮೇಲೆ ನಾನು. ಇನ್ನೊಂದು ತುದಿ ಪೋಸ್ಟ್ ಮಾಮಾಗೆ.

ಪೋಸ್ಟ್ ಮಾಮಾ ಜೊಯಿಡಾದಾಚೆಯ ಒಂದು ಹಳ್ಳಿಯವರು. ಮೂವತ್ತೆರಡು ವರ್ಷ ಕಾಡಿನ ಊರುಗಳಿಗೆ ಟಪಾಲು ಹೊತ್ತು ನಿವೃತ್ತರಾದವರು. ಮನೆಮಾತು ಕೊಂಕಣಿ, ನಮ್ಮ ನಡುವೆ ಕೂತರೆ ನಮ್ಮದೇ ಕನ್ನಡ. ಅವರ ಊರಲ್ಲಿ ಮಳೆ ಹಿಡಿದರೆ ಕರೆಂಟು ಯಾವಾಗ ಬರುತ್ತದೆಂದು ಕರೆಂಟಿನವರಿಗೂ ತಿಳಿಯದು. ಕರೆಂಟು ಇದ್ದ ದಿನವೂ ಅವರು ಮನೆಯಲ್ಲಿ ಆಟ ನೋಡುತ್ತಿರಲಿಲ್ಲ. ಒಬ್ಬನೇ ಟೆಸ್ಟ್ ನೋಡುವುದೆಂದರೆ ಒಬ್ಬನೇ ಇಸ್ಪೀಟು ಆಡಿದ ಹಾಗೆ ಎನ್ನುತ್ತಿದ್ದರು. ಹಾಗಾಗಿ ಮಧ್ಯಾಹ್ನದ ಬಸ್ಸು ಹಿಡಿದು ದಾಂಡೇಲಿಗೆ ಬಂದು, ಬಸ್ ಸ್ಟ್ಯಾಂಡಿನಿಂದ ನಡೆದು, ನಾಲ್ಕೂವರೆಗೆ ಗ್ಯಾರೇಜಿನ ಹೊಸ್ತಿಲು ದಾಟುತ್ತಿದ್ದರು. ಕೈಯಲ್ಲಿ ಕರಿದ ಹಲಸಿನ ಹಪ್ಪಳದ ಪೊಟ್ಟಣ. ಏಳರ ಬಸ್ಸಿಗೆ ವಾಪಸು. ಎರಡೂವರೆ ತಾಸಿನ ಆಟಕ್ಕೆ ಅರ್ಧ ದಿನದ ಪ್ರಯಾಣ.

ಟೆಸ್ಟ್ ನೋಡುವವರಿಗೆ ಕೆಲವು ನೇಮಗಳಿರುತ್ತವೆ. ಇಬ್ಬರು ನಮ್ಮವರು ಕಚ್ಚಿಕೊಂಡು ಆಡುತ್ತಿದ್ದರೆ ಬೆಂಚಿನ ಮೇಲಿದ್ದವರು ಅಲುಗಾಡಬಾರದು. ಉಸ್ತಾದ್ ಒಮ್ಮೆ ಇಡೀ ಒಂದು ಜೊತೆಯಾಟಕ್ಕೆ ನಟ್ಟು ಬಿಚ್ಚುವ ಹದಿನಾಲ್ಕರ ಪಾನಾ ಹಿಡಿದುಕೊಂಡೇ ಕೂತಿದ್ದರು. ಬೈಕಿನವನು ಬಂದು ಕೇಳಿದ್ದಕ್ಕೆ, ಪಾನಾ ಕೆಳಗಿಟ್ಟರೆ ವಿಕೆಟ್ ಬೀಳುತ್ತದೆಂದು ತಿಳಿಸಿದರು. ಅವನೂ ತಿಳಿದವನೇ, ಬೈಕು ಬಿಟ್ಟು ನಡೆದು ಹೋದ. ಇಂಥ ಭಕ್ತರ ನಡುವೆ ನಾಲ್ಕೂವರೆಗೆ ಒಬ್ಬ ಮನುಷ್ಯ ದಿನಾ ಹೊಸ್ತಿಲು ದಾಟುತ್ತಾನೆ, ಅವನು ದಾಟಿದ ಮೇಲೆ ದಿನಾ ಅಲ್ಲದಿದ್ದರೂ ಮೇಲಿಂದ ಮೇಲೆ ವಿಕೆಟ್ ಬೀಳುತ್ತದೆ ಎಂದರೆ ಏನಾಗಬೇಕು?

ಮೊದಲ ಎರಡು ಟೆಸ್ಟಿನಲ್ಲಿ ಅದು ಬರೀ ನಗೆಯಾಗಿತ್ತು. ಮೂರನೆಯದರ ಕೊನೆಯ ದಿನ ನಗೆಯಾಗಿ ಉಳಿಯಲಿಲ್ಲ. ಗೆಲ್ಲಲು ಹೆಚ್ಚು ರನ್ ಬೇಕಿರಲಿಲ್ಲ, ನಮ್ಮ ಒಳ್ಳೆಯ ಬ್ಯಾಟ್ಸ್‌ಮನ್ ಇನ್ನೂ ನಿಂತಿದ್ದ. ಮಾಮಾ ಒಳಗೆ ಕಾಲಿಟ್ಟು, ಪೊಟ್ಟಣ ಬಿಚ್ಚಿ, ಹಪ್ಪಳ ಮುರಿದರು. ಹಪ್ಪಳದ ಸದ್ದೂ ಸ್ಟಂಪಿನ ಸದ್ದೂ ಒಟ್ಟಿಗೇ ಕೇಳಿದವು. ಅಲ್ಲಿಂದ ಮುಂದೆ ಸೋಲುವುದು ಎಷ್ಟು ಹೊತ್ತಿನ ಮಾತು.

ಆಗ ನಾನು ಅಂದೆ: "ಮಾಮಾ, ಆಟಾ ಏನೋ ಚಲೋನ ಇತ್ತು. ನಿಮ್ಮ ಕಾಲ್ಗುಣಾ ಅಷ್ಟ ಚಲೋ ಇಲ್ಲ ನೋಡ್ರಿ."

ಎಲ್ಲರೂ ನಕ್ಕರು. ಮಾಮಾ ಎಲ್ಲರಿಗಿಂತ ಜೋರಾಗಿ ನಕ್ಕರು. ಈ ಕಾಲ್ಗುಣ ಎಂಬ ಮಾತನ್ನು ನಾನು ಕಲಿತದ್ದು ನನ್ನ ಅಜ್ಜಿಯ ಬಾಯಿಂದ. ಆಕೆ ಅದನ್ನು ನಗುತ್ತ ಹೇಳಿರಲಿಲ್ಲ ಎಂಬುದೊಂದು ಮಾತ್ರ ಆಗ ನೆನಪಿಗೆ ಬರಲಿಲ್ಲ. ಹಿರಿಯರಿಂದ ಮಾತು ಕಲಿಯುವುದು ಸುಲಭ, ಅದರ ಜೊತೆಗಿದ್ದ ಮುಖ ನೆನಪಿಡುವುದು ಕಷ್ಟ.

ನಾಲ್ಕನೇ ಟೆಸ್ಟಿಗೆ ಮಾಮಾ ತಾವಾಗಿಯೇ ಹೊಸ್ತಿಲ ಹೊರಗೆ ನಿಂತರು. ಒಳಗೆ ಬರಲೋ ಬೇಡವೋ ಎಂದು ಕೊಡೆ ಮಡಚುತ್ತ ಕೇಳಿದರು. ಈ ಓವರ್ ಮುಗಿಯಲಿ ಎಂದೆವು. ಆಮೇಲೆ ಈ ಜೊತೆಯಾಟ ಮುಗಿಯಲಿ ಎಂದೆವು. ಜೊತೆಯಾಟ ಮುಗಿಯಬಾರದೆಂದು ದೇವರಿಗೆ ಹರಕೆ ಹೊತ್ತವರು ನಾವೇ. ಒಬ್ಬ ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸಲು ಇದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲ. ಕೊನೆಯ ದಿನ ನಮ್ಮವರು ಸೋಲು ತಪ್ಪಿಸಿಕೊಳ್ಳಲು ದಿನವಿಡೀ ಬ್ಯಾಟ್ ಹಿಡಿದು ನಿಲ್ಲಬೇಕಿತ್ತು. ಬಾಗಿಲೂ ಬಹಳ ಹತ್ತಿರವಾಯಿತೆಂದು ಉಸ್ತಾದರಿಗೆ ಅನ್ನಿಸಿತು. ಅವರು ಎದ್ದು ಬಂದು, ಎದೆಯ ಮೇಲೆ ಕೈಯಿಟ್ಟು, ಬಹಳ ವಿನಯದಿಂದ, ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚು ಖಾಲಿ ಇರುತ್ತದೆ, ಗಾಳಿಯೂ ಚೆನ್ನಾಗಿರುತ್ತದೆ ಎಂದರು. ಮಾಮಾ ಹಪ್ಪಳದ ಪೊಟ್ಟಣ ನನ್ನ ಕೈಗೆ ಕೊಟ್ಟು ಹೋದರು. ನಾವು ಹಪ್ಪಳ ತಿಂದೆವು. ಪಂದ್ಯ ಡ್ರಾ ಆಯಿತು.

ಇನ್ನು ಸಾಕ್ಷಿ ಬೇಕೇ? ಐದನೇ ಟೆಸ್ಟ್ ಶುರುವಾಗುವ ಹೊತ್ತಿಗೆ ಅದು ಕಾಯಿದೆಯೇ ಆಗಿಹೋಗಿತ್ತು. ಮಾಮಾ ಮೊದಲ ದಿನ ಬರಲಿಲ್ಲ, ಎರಡನೇ ದಿನವೂ ಬರಲಿಲ್ಲ. ಬೆಂಚಿನ ತುದಿಯ ಜಾಗದಲ್ಲಿ ಉಸ್ತಾದ್ ಒಂದು ಕಾರ್ಬೊರೇಟರ್ ಇಟ್ಟರು. ಅದು ವಿಕೆಟ್ ಕೆಡವಲಿಲ್ಲ, ಹಪ್ಪಳವನ್ನೂ ತರಲಿಲ್ಲ. ಮಾತಿನ ನಡುವೆ ಯಾರಾದರೂ ಆ ತುದಿಗೆ ತಿರುಗಿ ಏನಂತೀರಿ ಮಾಮಾ ಎಂದು ಕೇಳಿ, ಕಾರ್ಬೊರೇಟರನ್ನು ನೋಡಿ ಸುಮ್ಮನಾಗುವುದು ಒಂದೆರಡು ಸಲ ಆಯಿತು. ಫೋನ್ ಹಚ್ಚಿದರೆ ಅವರ ಊರಿನ ಕಾಡೇ ಉತ್ತರ ಕೊಡುತ್ತಿತ್ತು: ಸಂಪರ್ಕದಲ್ಲಿಲ್ಲ.

ಸರಣಿಯಲ್ಲಿ ನಾವು ಒಂದು ಪಂದ್ಯ ಹಿಂದಿದ್ದೆವು. ಈ ಕೊನೆಯದನ್ನು ಗೆದ್ದರೆ ಸಮ. ಕೊನೆಯ ದಿನ ಅವರದು ಬ್ಯಾಟಿಂಗ್. ಅವರ ಎರಡೇ ವಿಕೆಟ್ ಉಳಿದಿದ್ದವು, ರನ್ನೂ ಬಹಳ ಉಳಿದಿರಲಿಲ್ಲ. ಮೂರೂವರೆಗೆ ಆಟ ಶುರುವಾಯಿತು. ನಾಲ್ಕೂವರೆಗೆ ಆಟಗಾರರು ನೀರು ಕುಡಿಯಲು ನಿಂತರು. ಅಷ್ಟರಲ್ಲಿ ಒಂದು ವಿಕೆಟ್ ಹೋಗಿತ್ತು. ಕೊನೆಯ ಜೋಡಿ ಮಾತ್ರ ತುಕ್ಕು ಹಿಡಿದ ನಟ್ಟಿನ ಹಾಗೆ ಕೂತಿತ್ತು. ನೀರು ಕುಡಿದು ಬಂದವರು ಮತ್ತೆ ಹಾಗೆಯೇ ಕೂತರು.

ಕಾಕಾ ಆಗ ತಮ್ಮ ಡೈರಿ ತೆಗೆದರು. ಮಿಲ್ಲಿನಲ್ಲಿ ಪಾಳಿ ಮುಗಿಯುವಾಗ ಮಷೀನು ಎಷ್ಟು ಹೊತ್ತಿಗೆ ನಿಂತಿತು, ಕಾಗದ ಎಷ್ಟು ಹೊತ್ತಿಗೆ ಹರಿದು ತುಂಡಾಯಿತು ಎಂದು ಬರೆದಿಡುವುದು ಅವರ ಕೆಲಸವಾಗಿತ್ತು. ನೌಕರಿ ಬಿಟ್ಟರೂ ಕೈ ಬಿಡಲಿಲ್ಲ. ಈಗ ವಿಕೆಟ್ ಬಿದ್ದ ಗಳಿಗೆ ಬರೆಯುತ್ತಿದ್ದರು. ಕನ್ನಡಕ ಮೇಲೆ ಸರಿಸಿ ಪುಟ ತಿರುವುತ್ತ ಹೋದವರು ಒಂದು ಕಡೆ ನಿಂತರು.

"ಮಾಮಾ ಬಂದ ಹೊತ್ತಿನ್ಯಾಗ ಬಿದ್ದದ್ದು ಒಟ್ಟ ಹನ್ನೆರಡು," ಅಂದರು. "ಅದರಾಗ ನಮ್ಮವು ಐದ. ಏಳು ಅವರವು."

ಉಸ್ತಾದ್ ಟಿವಿಯಿಂದ ಕಣ್ಣು ತೆಗೆದರು. ಅವರವು ಬಿದ್ದದ್ದು ನಮ್ಮ ಬೌಲರುಗಳ ಶ್ರಮದಿಂದಲ್ಲವೇ ಎಂದು ನಾನು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಕಾಕಾ ಅದಕ್ಕೆ ತಮ್ಮ ಮಿಲ್ಲಿನ ಕಾರಣ ಹೇಳಿದರು. ಪಾಳಿ ಬದಲಾಗುವ ಹೊತ್ತಿಗೇ ಮಷೀನಿನ ಮೇಲೆ ಕಾಗದ ಹರಿಯುವುದು ಹೆಚ್ಚಂತೆ. ಹೋಗುವವನ ಮನಸ್ಸು ಆಗಲೇ ಮನೆಗೆ ಹೋಗಿರುತ್ತದೆ, ಬಂದವನ ಮನಸ್ಸು ಇನ್ನೂ ಮನೆಯಿಂದ ಬಂದಿರುವುದಿಲ್ಲ. ನೀರು ಕುಡಿಯಲು ನಿಂತ ಬ್ಯಾಟ್ಸ್‌ಮನ್‌ನದೂ ಅದೇ ಗತಿ. ಒಂದು ತಾಸು ಕಟ್ಟಿದ ಗಮನ ಎರಡು ಗುಟುಕಿನಲ್ಲಿ ಕರಗುತ್ತದೆ. ನಾಲ್ಕೂವರೆಯೆಂದರೆ ಅಲ್ಲಿ ನೀರಿನ ಹೊತ್ತು, ಇಲ್ಲಿ ಜೊಯಿಡಾ ಬಸ್ಸಿನ ಹೊತ್ತು. ಮಾಮಾನ ಕಾಲಿಗೂ ಅದಕ್ಕೂ ಏನು ಸಂಬಂಧ?

ಇಷ್ಟು ಸ್ಪಷ್ಟವಾಗಿ ಯಾರೂ ನಮಗೆ ಏನನ್ನೂ ವಿವರಿಸಿರಲಿಲ್ಲ. ಉಸ್ತಾದ್ ಗಮನವಿಟ್ಟು ಕೇಳಿದರು, ತಲೆದೂಗಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಅವರವು ಏಳಂತ. ಜಲ್ದಿ ಹೋಗಿ ಮಾಮಾನ್ನ ಕರಕೊಂಡ್ ಬರ್ರಿ, ಭಾಯಿ."

ನಾನೂ ಎದ್ದೆ. ವಿವರಣೆ ಅರ್ಥವಾಗಿತ್ತು, ಆದರೆ ವಿಕೆಟ್ ಬೇಕಿತ್ತು. ಅವರು ಬಂದಿದ್ದಾರೆ ಎಂಬ ಖಾತ್ರಿಯೇನೂ ಇರಲಿಲ್ಲ. ಆ ಬಸ್ಸಿಗೆ ಬಂದಿದ್ದರೂ ಬಂದಿರಬಹುದು ಎಂದು ಬಸ್ ಸ್ಟ್ಯಾಂಡಿಗೆ ಹೋದೆ.

ಮಾಮಾ ಕಲ್ಲುಬೆಂಚಿನ ಮೇಲೆ ಇದ್ದರು. ಮಡಚಿದ ಕೊಡೆ ಮೊಣಕಾಲುಗಳ ನಡುವೆ, ಹಪ್ಪಳದ ಪೊಟ್ಟಣ ತೊಡೆಯ ಮೇಲೆ. ಇಲ್ಲಿ ಯಾಕೆ ಕೂತಿದ್ದೀರಿ ಎಂದು ಕೇಳಿದೆ. ಐದು ದಿನದಿಂದ ದಿನಾ ಬಂದು ಇಲ್ಲೇ ಕೂತು ಏಳರ ಬಸ್ಸಿಗೆ ಹೋಗುತ್ತಿದ್ದಾರೆಂದು ಆಗ ತಿಳಿಯಿತು. ಹಣ್ಣಿನ ಗಾಡಿಯವನ ಫೋನಿನಲ್ಲಿ ಆಗಾಗ ಸ್ಕೋರು ಕೇಳಿಕೊಳ್ಳುತ್ತಿದ್ದರಂತೆ.

"ನಾಕನೇದ್ರಾಗ ಇಲ್ಲೇ ಕೂತು ಡ್ರಾ ಮಾಡಿಸೇನಲ್ಲ," ಅಂದರು. "ಇದ ನನ್ನ ಜಾಗಾ ಅಂತ ನೀವ ಹೇಳಿದ್ರಿ."

ವ್ಯಂಗ್ಯವೇನೂ ಇರಲಿಲ್ಲ. ನಂಬಿ ಕೂತಿದ್ದರು. ನಾನು ಆಡಿದ ಒಂದು ನಗೆಮಾತು ಐದು ದಿನ ಕಲ್ಲಿನ ಮೇಲೆ ಕೂತಿತ್ತು.

ಬರ್ರಿ ಮಾಮಾ, ಅವರದೊಂದು ವಿಕೆಟ್ ಬೇಕಾಗಿದೆ ಎಂದೆ. ಕಾಕಾನ ಡೈರಿಯ ಏಳನ್ನೂ ಹೇಳಿದೆ. ಮಾಮಾ ನನ್ನನ್ನು ನೋಡಿದ ರೀತಿ ಬೇರೆಯಾಯಿತು.

"ಅಂದ್ರ ಈಗ ನನ್ನ ಕೆಟ್ಟ ಕಾಲು ಬೇಕಾತು ನಿಮಗ." ಕೊಡೆಯ ತುದಿಯಿಂದ ನೆಲ ಕೆದರಿದರು. "ಮನಿ ಆರ್ಡರ್ ತಂದ ದಿನಾ ಮಂದಿ ಕರದು ಚಾ ಕೊಟ್ರು, ತಮ್ಮಾ. ಸಾವಿನ ಸುದ್ದಿಯ ತಾರು ತಂದ ದಿನಾ ನನ್ನ ಮಾರಿ ನೋಡಿ ಬಾಗಲಾ ಹಾಕ್ಕೊಂಡ್ರು. ಎರಡಕ್ಕೂ ನಾ ಏನೂ ಅನ್ನಲಿಲ್ಲ. ನಾ ಕಾಗದಾ ಬರದವ ಅಲ್ಲ, ತಂದವ."

ನಾನು ಅವರ ಪಕ್ಕದಲ್ಲಿ ಕೂತೆ. ಆಗ ಅಜ್ಜಿಯ ಮುಖ ನೆನಪಿಗೆ ಬಂತು, ಅವರಿಗೆ ಅವಳ ಕಥೆ ಹೇಳಿದೆ. ಹಳಿಯಾಳದ ಕಡೆಯ ಒಂದು ಊರಿಗೆ ಅವಳು ಸೊಸೆಯಾಗಿ ಬಂದ ವಾರದಲ್ಲೇ ಒಂದು ಎತ್ತು ಸತ್ತಿತ್ತು. ಅತ್ತೆ ಇದ್ದಷ್ಟು ದಿನವೂ ಅವಳ ಕಾಲ್ಗುಣದ ಮಾತು ಮನೆಯಲ್ಲಿ ನಡೆಯಿತು. ಹಬ್ಬದ ದಿನ ಕೊಟ್ಟಿಗೆಗೆ ಅವಳು ಮೊದಲು ಕಾಲಿಡಬಾರದು. ಅದೇ ಮನೆಯ ಹೊಲದಲ್ಲಿ ಮುಂದೆ ಆಳೆತ್ತರ ಕಬ್ಬು ಬೆಳೆದಾಗ ಯಾರೂ ಅವಳ ಕಾಲು ನೋಡಲಿಲ್ಲ. ಮುಪ್ಪಿನಲ್ಲಿ ನನ್ನ ಮುಂದೆ ಹೇಳುತ್ತಿದ್ದಳು: "ಎತ್ತು ಸತ್ತದ್ದು ನನ್ನ ಕಾಲಿಂದ, ಕಬ್ಬು ಬೆಳದದ್ದು ಅವರ ಕೈಯಿಂದ."

"ಇದನ್ನ ಕೇಳಕೋತ ಬೆಳದವ ನಾ," ಎಂದೆ. "ಅದ ಮಾತು ತಂದು ನಿಮಗ ಅಂದೆ. ತಪ್ಪಾತ್ರಿ ಮಾಮಾ."

ಹಣ್ಣಿನ ಗಾಡಿಯವನು ಫೋನು ಎತ್ತಿ ಹಿಡಿದು ಇನ್ನು ಹದಿನೆಂಟು ರನ್ ಎಂದ. ಮಾಮಾ ಅತ್ತ ನೋಡಲಿಲ್ಲ.

"ನಿಮ್ಮಜ್ಜಿ ಶ್ಯಾಣ್ಯಾಕಿ," ಎಂದು ಎದ್ದರು. "ನಡಿ, ಹೋಗೂಣು. ನಿಮ್ಮ ವಿಕೆಟ್ಟಿಗೆ ಅಲ್ಲ ಮತ್ತ. ಹಪ್ಪಳಾ ಮೆತ್ತಗಾಗಾಕತ್ತಾವ."

ನಡೆದೆವು. ಮಾಮಾ ಅವಸರ ಮಾಡುವ ಆಳಲ್ಲ, ಟಪಾಲಿನ ನಡಿಗೆ ಒಂದೇ ವೇಗದ್ದು. ನಾನು ಒಳಗೊಳಗೇ ಓಡುತ್ತಿದ್ದೆ. ಅರ್ಧ ದಾರಿಯಲ್ಲಿ, ಬೀಡಾ ಅಂಗಡಿಯ ಎದುರು, ಊರಿನ ಎಲ್ಲ ದಿಕ್ಕಿನಿಂದ ಒಂದೇ ಕೂಗು ಎದ್ದಿತು. ಯಾರೋ ಪಟಾಕಿ ಹಚ್ಚಿದರು, ತೇವಕ್ಕೆ ಅದು ಅರ್ಧಕ್ಕೇ ಆರಿತು. ಕೊನೆಯ ವಿಕೆಟ್ ಬಿದ್ದಿತ್ತು. ಒಂದೂವರೆ ತಿಂಗಳು ಕಾದ ಚೆಂಡನ್ನು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ಗ್ಯಾರೇಜಿನಲ್ಲಿ ಉಸ್ತಾದ್ ಪಾನಾ ಹಿಡಿದು ಕುಣಿಯುತ್ತಿದ್ದರು. ಸರಣಿ ಸಮವಾಗಿತ್ತು, ಅಂದರೆ ಐದು ಟೆಸ್ಟ್ ಹೊಡೆದಾಡಿ ಯಾರೂ ಗೆದ್ದಿರಲಿಲ್ಲ, ಅದಕ್ಕೇ ಈ ಸಂಭ್ರಮ. ನಾವು ಬಸ್ ಸ್ಟ್ಯಾಂಡು ಬಿಟ್ಟ ಗಳಿಗೆ ಯಾವುದೆಂದು ಕಾಕಾ ಕೇಳಿದರು. ಹೇಳಿದೆ. ಡೈರಿ ನೋಡಿ, ಸರಿಯಾಗಿ ಮುಂದಿನ ಓವರಿನಲ್ಲೇ ವಿಕೆಟ್ ಎಂದರು. ಕಾಗದ ಹರಿಯುವ ಕಾರಣ ಬಲ್ಲ ಕಾಕಾನೂ ಆ ಹೊತ್ತಿಗೆ ನಮ್ಮ ಕಡೆಗೇ ಬಂದಿದ್ದರು. ಉಸ್ತಾದ್ ಮಾಮಾನ ಎರಡೂ ಕೈ ಹಿಡಿದುಕೊಂಡು, ಇಂಥ ಕಾಲ್ಗುಣ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಗಿಲ್ಲ, ಎದ್ದು ನಿಂತದ್ದೇ ತಡ ವಿಕೆಟ್ ಬಿತ್ತು ಎಂದರು.

ಮಾಮಾ ಕೈ ಬಿಡಿಸಿಕೊಂಡರು.

"ಕೆಟ್ಟದ್ದೂ ಬ್ಯಾಡ್ರಿ, ಒಳ್ಳೇದೂ ಬ್ಯಾಡ. ಬರೇ ಕೂಡಾಕ ಜಾಗಾ ಕೊಡ್ರಿ."

ಉಸ್ತಾದ್ ಒಂದು ಗಳಿಗೆ ಪೆಚ್ಚಾದರು. ಆಮೇಲೆ ಕಾರ್ಬೊರೇಟರ್ ಎತ್ತಿ ನೆಲಕ್ಕಿಟ್ಟು, ತಮ್ಮ ಹೆಗಲ ಬಟ್ಟೆಯಿಂದಲೇ ಆ ತುದಿಯನ್ನು ಒರೆಸಿದರು. ಆ ಬಟ್ಟೆಯಿಂದ ಸೀಟು ಇನ್ನಷ್ಟು ಎಣ್ಣೆಯಾಯಿತು. ಮಾಮಾ ನೋಡಿಯೂ ನೋಡದವರ ಹಾಗೆ ಕೂತು ಪೊಟ್ಟಣ ಬಿಚ್ಚಿದರು. ಹಪ್ಪಳ ಮೆತ್ತಗಾಗಿಯೇ ಇತ್ತು, ಮುರಿದರೆ ಸದ್ದಾಗಲಿಲ್ಲ.

ಟಿವಿಯಲ್ಲಿ ಆ ಕೊನೆಯ ಚೆಂಡನ್ನು ಮತ್ತೆ ತೋರಿಸಿದರು. ಮಾಮಾ ಮುಂದೆ ಬಾಗಿ, ಮೊಣಕಾಲ ಮೇಲೆ ಕೈಯೂರಿ, ಇನ್ನೂ ಆಟ ನಡೆದಿದೆ ಎಂಬಂತೆ ನೋಡಿದರು. ಅವರ ಜೊತೆ ನಾವೂ ಉಸಿರು ಹಿಡಿದೆವು. ಏಳರ ಬಸ್ಸಿಗೆ ಅವರು ಏಳುವಷ್ಟರಲ್ಲಿ ಆ ವಿಕೆಟ್ಟು ಆರು ಸಲ ಬಿದ್ದಿತು. ಆರು ಸಲವೂ ಮಾಮಾ ಬೆಂಚಿನ ಮೇಲೆಯೇ ಇದ್ದರು.